ಹಳೆ ಮೈಗೆ ಹೊಸ ಕಣ್ಣು

ಮಂಡ್ಯ ನಗರದ ನಡುವೆ 30 ಮೀಟರ್ ಎತ್ತರದ ಗೋಪುರ ಕಟ್ಟಿ, ಅದರ ನೆತ್ತಿಯಲ್ಲಿ ಒಂದು ರೇಡಾರ್ ಕೂರಿಸಿದರೆ ಎಷ್ಟು ದೂರ ಕಾಣಬಹುದು? ಭೂಮಿ ದುಂಡಗಿರುವುದರಿಂದ ನೆಲಮಟ್ಟದ ನೋಟ ಸುಮಾರು 20 ಕಿ.ಮೀ.ಗೆ ಮುಗಿದುಹೋಗುತ್ತದೆ. ದಿಣ್ಣೆ, ಗುಡ್ಡ, ತೆಂಗಿನ ತೋಟ ಯಾವುದೂ ಅಡ್ಡ ಬರಲಿಲ್ಲ ಎಂದುಕೊಂಡರೂ ಮದ್ದೂರು ಕಂಡೀತು, ಮಳವಳ್ಳಿ ಮರೆಯಾಗಿಬಿಡುತ್ತದೆ. ಅದೇ ರೇಡಾರನ್ನು ವಿಮಾನಕ್ಕೆ ಹತ್ತಿಸಿ ಇದೇ ಊರಿನ ಮೇಲೆ 10 ಕಿ.ಮೀ. ಎತ್ತರಕ್ಕೆ ಒಯ್ದರೆ ನೋಟದ ಗೆರೆ ಸುಮಾರು 350 ಕಿ.ಮೀ.ವರೆಗೆ ಚಾಚುತ್ತದೆ. ಪಡುವಣದಲ್ಲಿ ಮಂಗಳೂರಿನ ಕಡಲು, ಮೂಡಣದಲ್ಲಿ ಪುದುಚೇರಿಯ ಕಡಲು ಎರಡೂ ಒಂದೇ ಕಣ್ಣಿನ ಅಳವಿಗೆ ಬರುತ್ತವೆ.

ಸೇನೆಗಳು ಕಣ್ಗಾವಲು ವಿಮಾನಕ್ಕೆ ಸಾವಿರಾರು ಕೋಟಿ ರೂಪಾಯಿ ಸುರಿಯುವುದು ಈ ಒಂದು ಲೆಕ್ಕಕ್ಕಾಗಿ. ನೆಲಕ್ಕೆ ಅಂಟಿಕೊಂಡಂತೆ ನುಸುಳಿ ಬರುವ ಶತ್ರು ವಿಮಾನವೋ ಕ್ಷಿಪಣಿಯೋ ನೆಲದ ರೇಡಾರಿಗೆ ಕಾಣುವ ಹೊತ್ತಿಗೆ ತಲೆಯ ಮೇಲೇ ಬಂದಿರುತ್ತದೆ. ಮೇಲಿನಿಂದ ನೋಡುವ ಕಣ್ಣು ಅದನ್ನು ನಿಮಿಷಗಳಷ್ಟು ಮೊದಲೇ ಹಿಡಿಯುತ್ತದೆ. ಯುದ್ಧದಲ್ಲಿ ಆ ನಿಮಿಷಗಳೇ ಪ್ರಾಣ.

ಇಂಥ ವಿಮಾನಗಳ ಸಂಖ್ಯೆ ಯಾವ ದೇಶದಲ್ಲೂ ದೊಡ್ಡದಿರುವುದಿಲ್ಲ. ಇಸ್ರೇಲಿನ ಫಾಲ್ಕನ್ ರೇಡಾರ್ ಹೊತ್ತ ರಷ್ಯಾ ಮೂಲದ ಇಲ್ಯೂಷಿನ್ ವಿಮಾನಗಳು ನಮ್ಮ ವಾಯುಪಡೆಯಲ್ಲಿ ಇರುವುದು 3. ಬೆಂಗಳೂರಿನಲ್ಲಿ ರೂಪುಗೊಂಡ ‘ನೇತ್ರ’ ವಿಮಾನಗಳೂ ಬೆರಳೆಣಿಕೆಯಷ್ಟೇ. ಸ್ಕ್ವಾಡ್ರನ್ನಿನ ಒಂದು ಯುದ್ಧವಿಮಾನ ಮುದಿಯಾಗಿ ಮೂಲೆ ಸೇರಿದರೆ ಉಳಿದವು ಅದರ ಪಾಲಿನ ಕೆಲಸ ಹೊರುತ್ತವೆ. ಮೂರರಲ್ಲಿ ಒಂದು ಕಣ್ಗಾವಲು ವಿಮಾನ ಮುದಿಯಾದರೆ ಗಡಿಯ ಒಂದು ದಿಕ್ಕೇ ಮಸುಕಾಗುತ್ತದೆ. ಆದ್ದರಿಂದ ಇಲ್ಲಿ ಕೇಳಬೇಕಾದ ಮುಖ್ಯ ಪ್ರಶ್ನೆ ಯಾವ ವಿಮಾನ ಒಳ್ಳೆಯದು ಎಂಬುದಲ್ಲ. ಹಳೆಯದನ್ನು ಯಾವ ದಿನ ಇಳಿಸಬೇಕು, ಆ ದಿನಕ್ಕೆ ಹೊಸದು ಸಿದ್ಧವಿರುತ್ತದೆಯೇ ಎಂಬುದು. ಈ ಪ್ರಶ್ನೆಗೆ ಸರಿಯಾದ ಉತ್ತರ, ತಪ್ಪು ಉತ್ತರ ಎರಡನ್ನೂ ಕಲಿಸುವ ಎಂಟು ದಶಕಗಳ ಚರಿತ್ರೆ ನಮ್ಮ ನಾಡಿನಲ್ಲೇ ಇದೆ. ಅದರ ಬೇರು ಮಳವಳ್ಳಿ ತಾಲ್ಲೂಕಿನ ನೀರಿಗೂ ಮುಟ್ಟುತ್ತದೆ.

ಬೆಳ್ಳಂದೂರು ಕೆರೆಗೆ ಇಳಿದ ವಿಮಾನ

1940ರ ಡಿಸೆಂಬರ್‌ನಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಜೊತೆಗೂಡಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಸ್ಥಾಪಿಸಿದರು. ಆಗ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. ಇಂದಿನ ಎಚ್‌ಎಎಲ್ ಹುಟ್ಟಿದ್ದು ಹೀಗೆ. ವಿಮಾನ ಕಾರ್ಖಾನೆಗೆ ಬೇಕಾದ ಹದವಾದ ಹವೆ ಬೆಂಗಳೂರಿನಲ್ಲಿತ್ತು, ಬೇಕಾದ ವಿದ್ಯುತ್ತು ಮೈಸೂರು ಸಂಸ್ಥಾನದಲ್ಲಿತ್ತು. ಆ ವಿದ್ಯುತ್ತು ಬರುತ್ತಿದ್ದುದು ಮಳವಳ್ಳಿ ತಾಲ್ಲೂಕಿನಿಂದ. ನಮ್ಮ ಕಡೆಯವರು ಇಂದಿಗೂ ‘ಬ್ಲಫ್’ ಎಂದೇ ಕರೆಯುವ ಶಿವನಸಮುದ್ರದ ವಿದ್ಯುದಾಗಾರ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ, 1905ರಲ್ಲಿ ಬೆಂಗಳೂರಿಗೆ ವಿದ್ಯುತ್ ಕೊಟ್ಟಿತ್ತು. ಶಿಂಷಾ ವಿದ್ಯುದಾಗಾರ ಶುರುವಾದದ್ದು ಎಚ್‌ಎಎಲ್ ಹುಟ್ಟಿದ 1940ರಲ್ಲೇ. ಜೋಗದ ವಿದ್ಯುತ್ ಬರಲು ಇನ್ನೂ ಎಂಟು ವರ್ಷ ಕಾಯಬೇಕಿತ್ತು. ಅಂದರೆ ಮಹಾಯುದ್ಧದ ವರ್ಷಗಳಲ್ಲಿ ಬೆಂಗಳೂರಿನ ವಿಮಾನ ಕಾರ್ಖಾನೆಯ ಲೇತುಗಳನ್ನು ತಿರುಗಿಸಿದ್ದು ಕಾವೇರಿ ಮತ್ತು ಶಿಂಷೆಯ ನೀರು. ಮಂಡ್ಯ ಜಿಲ್ಲೆಯ ಮಕ್ಕಳಿಗೆ ಇದನ್ನು ಶಾಲೆಯಲ್ಲೇ ಹೇಳಿಕೊಡಬೇಕು ಎಂಬುದು ನನ್ನ ಬಲವಾದ ಅನಿಸಿಕೆ.

ಯುದ್ಧಕಾಲದಲ್ಲಿ ಅಮೆರಿಕದ ವಾಯುಸೇನೆ ಈ ಕಾರ್ಖಾನೆಯನ್ನು ತನ್ನ ದುರಸ್ತಿ ಕೇಂದ್ರವಾಗಿ ಬಳಸಿತು. ರಿಪೇರಿಗೆ ಬಂದ ವಿಮಾನಗಳಲ್ಲಿ ಕ್ಯಾಟಲಿನಾ ಎಂಬುದೊಂದಿತ್ತು. ನೀರಿನ ಮೇಲೆ ಇಳಿಯಬಲ್ಲ, ದೋಣಿಯ ಆಕಾರದ ಒಡಲಿನ ಈ ವಿಮಾನದ ಕೆಲಸವೇ ಗಸ್ತು. ಗಂಟೆಗಟ್ಟಲೆ ಕಡಲಿನ ಮೇಲೆ ಸುತ್ತುತ್ತಾ ಶತ್ರು ಜಲಾಂತರ್ಗಾಮಿಗಳನ್ನು ಹುಡುಕುವುದು. ಕಡಲೇ ಇಲ್ಲದ ಬೆಂಗಳೂರಿಗೆ ಅದು ಬಂದದ್ದು ಹೇಗೆ? ಕಾರ್ಖಾನೆಯ ಪಕ್ಕದ ಬೆಳ್ಳಂದೂರು ಕೆರೆಗೆ ಇಳಿಸಿ, ದಡಕ್ಕೆ ಎಳೆದು, ಅಲ್ಲಿಂದ ಹ್ಯಾಂಗರ್‌ಗೆ ತರುತ್ತಿದ್ದರು. ಕೊಳಚೆ ನೊರೆಗೆ ಬೆಂಕಿ ಹೊತ್ತಿಕೊಂಡ ಸುದ್ದಿಯಿಂದ ಈಗ ಹೆಸರಾಗಿರುವ ಆ ಕೆರೆ ಒಂದು ಕಾಲಕ್ಕೆ ಹಿಂದೂ ಮಹಾಸಾಗರದ ಕಾವಲುಗಾರ ವಿಮಾನಗಳಿಗೆ ಬಂದರಾಗಿತ್ತು.

ಕರ್ನಾಟಕದ ಕಾರ್ಮಿಕರ ಕೈಚಳಕಕ್ಕೆ ಇನ್ನೂ ದೊಡ್ಡ ಸಾಕ್ಷಿ ಯುದ್ಧ ಮುಗಿದ ಮೇಲೆ ಸಿಕ್ಕಿತು. ಬ್ರಿಟಿಷರು ಹೊರಡುವಾಗ ಕಾನ್ಪುರದ ಮೈದಾನದಲ್ಲಿ ನಾಲ್ಕು ಎಂಜಿನ್ನಿನ ಲಿಬರೇಟರ್ ಬಾಂಬರ್‌ಗಳನ್ನು ಸಾಲಾಗಿ ಬಿಟ್ಟುಹೋಗಿದ್ದರು. ಮತ್ತೆ ಯಾರೂ ಹಾರಿಸಬಾರದೆಂದು ಬೇಕೆಂದೇ ಕೆಡಿಸಿ ಬಿಟ್ಟಿದ್ದ ವಿಮಾನಗಳವು. ಎಚ್‌ಎಎಲ್ ತಂಡ ಅಲ್ಲಿಗೆ ಹೋಗಿ ಒಂದರ ಬಿಡಿಭಾಗವನ್ನು ಇನ್ನೊಂದಕ್ಕೆ ಜೋಡಿಸಿ, ಬೆಂಗಳೂರಿನವರೆಗೆ ಒಂದೇ ಒಂದು ಹಾರಾಟಕ್ಕೆ ಸಾಕಾಗುವಷ್ಟು ರಿಪೇರಿ ಮಾಡಿತು. ಎಚ್‌ಎಎಲ್‌ನ ಪರೀಕ್ಷಾ ಪೈಲಟ್ ಜಿಮ್ಮಿ ಮುನ್ಷಿ ಅವುಗಳನ್ನು ಇಲ್ಲಿಗೆ ಹಾರಿಸಿ ತಂದರು. ಇಲ್ಲಿ ಪೂರ್ತಿ ಬಿಚ್ಚಿ, ಮತ್ತೆ ಕಟ್ಟಿ, 1948ರ ಕೊನೆಯ ಹೊತ್ತಿಗೆ ಮೊದಲ ಕಂತನ್ನು ವಾಯುಪಡೆಗೆ ಒಪ್ಪಿಸಿದರು. ಹೀಗೆ ಜೀವ ಪಡೆದ ಲಿಬರೇಟರ್‌ಗಳು ಒಟ್ಟು 40ರ ಆಸುಪಾಸು. ಅವುಗಳಲ್ಲಿ ಕೆಲವು 6ನೇ ಸ್ಕ್ವಾಡ್ರನ್ನಿಗೆ ಸೇರಿ ಕಡಲ ಗಸ್ತಿಗೆ ನಿಂತವು. ಜಗತ್ತಿನ ಉಳಿದೆಲ್ಲ ದೊಡ್ಡ ವಾಯುಪಡೆಗಳು ಲಿಬರೇಟರನ್ನು ಮರೆತ ಮೇಲೂ ಭಾರತ 1968ರವರೆಗೆ ಹಾರಿಸಿತು. ಬ್ರಿಟನ್ನಿನ ಆರ್‌ಎಎಫ್ ಮ್ಯೂಸಿಯಂನಲ್ಲಿ, ಅಮೆರಿಕದ ಅರಿಝೋನಾದಲ್ಲಿರುವ ಪೀಮಾ ಮ್ಯೂಸಿಯಂನಲ್ಲಿ ಇಂದು ನಿಂತಿರುವ ಲಿಬರೇಟರ್‌ಗಳು ಭಾರತೀಯ ವಾಯುಪಡೆಯಲ್ಲಿ ದುಡಿದು ನಿವೃತ್ತಿಯಾದಂಥವು. ಕೆಡಿಸಿ ಎಸೆದವರ ದೇಶಕ್ಕೇ ನಮ್ಮವರು ಅದನ್ನು ಉಳಿಸಿ ವಾಪಸು ಕೊಟ್ಟರು.

ಲಿಬರೇಟರ್‌ಗಳ ಜಾಗಕ್ಕೆ ಬಂದದ್ದೂ ಹೊಸ ವಿಮಾನವಲ್ಲ. ಏರ್ ಇಂಡಿಯಾ ಜೆಟ್ ವಿಮಾನ ಕೊಂಡ ಮೇಲೆ ಕೈಬಿಟ್ಟ ಸೂಪರ್ ಕಾನ್‌ಸ್ಟಲೇಶನ್‌ಗಳು 1960ರ ದಶಕದ ಮೊದಲಲ್ಲಿ ವಾಯುಪಡೆಗೆ ವರ್ಗವಾಗಿದ್ದವು. ಅವನ್ನೇ ಕಡಲ ಗಸ್ತಿಗೆ ಹಚ್ಚಿದರು. 1976ರಲ್ಲಿ ಗಸ್ತಿನ ಹೊಣೆ ನೌಕಾಪಡೆಗೆ ದಾಟಿತು, ವಿಮಾನಗಳೂ ಜೊತೆಗೆ ಹೋದವು. ಪ್ರಯಾಣಿಕರನ್ನು ಹೊತ್ತು ದಣಿದ ಒಡಲಿಗೆ ಕಾವಲಿನ ಕೆಲಸ ಕೊಡುವ ಪರಿಪಾಠ ನಮ್ಮಲ್ಲಿ ಅಂದಿನಿಂದಲೂ ಇದೆ. ಬಡ ದೇಶ ಬೇರೆ ದಾರಿಯಿಲ್ಲದೆ ಹಿಡಿದ ಹಾದಿ ಅದು. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಆದರೆ ಆ ದಾರಿಯಲ್ಲಿ ನಡೆಯುವವರಿಗೆ ಹಳೆಯ ಒಡಲಿನ ಶಕ್ತಿ ಎಷ್ಟು, ಮಿತಿ ಎಲ್ಲಿ ಎಂಬುದು ಖಚಿತವಾಗಿ ತಿಳಿದಿರಬೇಕು.

ಲೋಹವೂ ದಣಿಯುತ್ತದೆ

ವಿಮಾನಕ್ಕೆ ವಯಸ್ಸಾಗುವುದು ವರ್ಷದ ಲೆಕ್ಕದಲ್ಲಿ ಮಾತ್ರ ಅಲ್ಲ. ಪ್ರತಿ ಸಲ ಮೇಲೇರಿದಾಗ ಒಳಗಿನ ಗಾಳಿಯ ಒತ್ತಡಕ್ಕೆ ವಿಮಾನದ ಒಡಲು ಕಣ್ಣಿಗೆ ಕಾಣದಷ್ಟು ಹಿಗ್ಗುತ್ತದೆ, ಇಳಿದಾಗ ಕುಗ್ಗುತ್ತದೆ. ಏರಿಳಿತದ ಇಂಥ ಸಾವಿರಾರು ಸುತ್ತುಗಳಲ್ಲಿ ಲೋಹ ದಣಿಯುತ್ತದೆ. ಬಿರುಕು ಸಾಮಾನ್ಯವಾಗಿ ರಿವೆಟ್ ಹೊಡೆದ ತೂತಿನ ಅಂಚಿನಿಂದ ಶುರುವಾಗುತ್ತದೆ. ಆರಂಭದಲ್ಲಿ ಅದು ಕೂದಲೆಳೆಗಿಂತ ಸಣ್ಣದು.

ಅದನ್ನು ಹಿಡಿಯುವ ಒಂದು ಹಳೆಯ, ನಂಬಿಕಸ್ಥ ಪರೀಕ್ಷೆಯಿದೆ. ಭಾಗವನ್ನು ಚೆನ್ನಾಗಿ ತೊಳೆದು ಒಣಗಿಸಿ, ಮೇಲೆ ಕೆಂಪು ಬಣ್ಣದ ತೆಳು ದ್ರವ ಬಳಿಯುತ್ತಾರೆ. ಕೆಲವು ನಿಮಿಷ ಬಿಟ್ಟು ಮೇಲ್ಮೈಯನ್ನು ಬಟ್ಟೆಯಿಂದ ಪೂರ್ತಿ ಒರೆಸುತ್ತಾರೆ. ಆಮೇಲೆ ಬಿಳಿ ಪುಡಿಯನ್ನು ತೆಳ್ಳಗೆ ಸಿಂಪಡಿಸಿ ಕಾಯುತ್ತಾರೆ. ಲೋಹ ಗಟ್ಟಿಯಿದ್ದರೆ ಬಿಳುಪು ಬಿಳುಪಾಗಿಯೇ ಇರುತ್ತದೆ. ಬಿರುಕಿದ್ದರೆ ಅದರೊಳಗೆ ಇಳಿದು ಕೂತಿದ್ದ ಕೆಂಪನ್ನು ಪುಡಿ ಹೀರಿಕೊಂಡು, ಬಿಳಿಯ ನಡುವೆ ಒಂದು ಕೆಂಪು ಗೆರೆ ಮೆಲ್ಲಗೆ ಮೂಡುತ್ತದೆ. ತಪಾಸಣೆಗಾರ ಅದರ ಉದ್ದ ಅಳೆದು ದಾಖಲೆಗೆ ಬರೆಯುತ್ತಾನೆ. ವಿಮಾನ ನಾಳೆ ಹಾರಬೇಕೋ ಬೇಡವೋ ಎಂಬುದನ್ನು ಆ ಗೆರೆ ತೀರ್ಮಾನಿಸುತ್ತದೆ. ಎಕ್ಸ್‌ರೇ, ಅಲ್ಟ್ರಾಸೌಂಡ್ ಎಲ್ಲ ಬಂದ ಮೇಲೂ ಈ ಪರೀಕ್ಷೆ ಹ್ಯಾಂಗರ್‌ಗಳಿಂದ ಮರೆಯಾಗಿಲ್ಲ.

ಕಡಲ ಗಸ್ತಿನ ವಿಮಾನಕ್ಕೆ ಇನ್ನೊಂದು ಶತ್ರು ಉಪ್ಪು. ಅದು ಅಲೆಗಳಿಗೆ ಹತ್ತಿರವಾಗಿ, ತಗ್ಗಿನಲ್ಲಿ ಹಾರಬೇಕು. ಉಪ್ಪಿನ ತೇವ ಸಂದುಗೊಂದುಗಳಿಗೆ ನುಗ್ಗಿ ಒಳಗಿನಿಂದಲೇ ಲೋಹವನ್ನು ತಿನ್ನುತ್ತದೆ. ಹಾಗಾಗಿ ಗಸ್ತು ಮುಗಿಸಿ ಬಂದ ವಿಮಾನಕ್ಕೆ ಸಿಹಿನೀರಿನ ಸ್ನಾನ ಮಾಡಿಸುವುದು ನೌಕಾಪಡೆಗಳಲ್ಲಿ ಕಟ್ಟುನಿಟ್ಟಿನ ಕ್ರಮ.

ಮೂರನೆಯ ಮುಪ್ಪು ಯಂತ್ರದೊಳಗಿನದು. ರೇಡಾರ್, ಕಂಪ್ಯೂಟರ್, ರೇಡಿಯೊ ಇವು ಒಡಲಿಗಿಂತ ಬೇಗ ಹಳತಾಗುತ್ತವೆ. 30 ವರ್ಷದ ಹಿಂದಿನ ಸರ್ಕಿಟ್ ಬೋರ್ಡ್ ಕೆಟ್ಟರೆ ಅದನ್ನು ತಯಾರಿಸುತ್ತಿದ್ದ ಕಂಪನಿಯೇ ಇರುವುದಿಲ್ಲ. ಮಂಡ್ಯದ ಆಲೆಮನೆ ನಡೆಸುವವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ: ಗಾಣದ ಮೋಟಾರು ಸುಟ್ಟರೆ ಬದಲಿಸಬಹುದು, ಉರುಳೆ ಸವೆದರೆ ಹೊಸದು ಹಾಕಬಹುದು, ಆದರೆ ಚೌಕಟ್ಟೇ ಬಿರಿದ ಗಾಣಕ್ಕೆ ಎಷ್ಟು ಒಳ್ಳೆಯ ಮೋಟಾರು ಕೂರಿಸಿದರೂ ಕಬ್ಬು ಕೊಡಲು ಧೈರ್ಯ ಬರುವುದಿಲ್ಲ. ಕಣ್ಗಾವಲು ವಿಮಾನದಲ್ಲೂ ಕಣ್ಣು ಬದಲಿಸಬಹುದು. ಮೈಯ ಆಯಸ್ಸು ಮುಗಿದರೆ ಮುಗಿಯಿತು.

ಕಾರವಾರದಲ್ಲಿ ನಿಂತ ಟುಪೊಲೆವ್

ಈ ಮಾತನ್ನು ಕಣ್ಣಾರೆ ನೋಡಬೇಕೆನ್ನುವವರು ಕಾರವಾರಕ್ಕೆ ಹೋಗಬೇಕು. ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿ, ಚಪಲ್ ಯುದ್ಧನೌಕೆಯ ಸಂಗ್ರಹಾಲಯದ ಬಳಿ, ನೌಕಾಪಡೆಯ ಟುಪೊಲೆವ್–142ಎಂ ವಿಮಾನ ನಿಂತಿದೆ. ತಮಿಳುನಾಡಿನ ಅರಕ್ಕೋಣಂ ನೌಕಾ ವಾಯುನೆಲೆಯಿಂದ 2023ರಲ್ಲಿ ಬಿಚ್ಚಿದ ಭಾಗಗಳಾಗಿ ಲಾರಿಗಳಲ್ಲಿ ಬಂದು, ಇಲ್ಲಿ ಮತ್ತೆ ಮೈ ಕೂಡಿಸಿಕೊಂಡಿತು. ಪಕ್ಕದಲ್ಲಿ ನಿಂತರೆ ಮೊದಲು ಕಣ್ಣಿಗೆ ಬೀಳುವುದು ಅದರ ರೆಕ್ಕೆಯ ಎಂಜಿನ್. ಒಂದೇ ಮೂತಿಯಲ್ಲಿ ಒಂದರ ಹಿಂದೊಂದು ಎರಡು ಪ್ರೊಪೆಲ್ಲರ್. ಎರಡೂ ವಿರುದ್ಧ ದಿಕ್ಕಿಗೆ ತಿರುಗುವಂಥವು. ನಾಲ್ಕು ಎಂಜಿನ್‌ಗೆ ಎಂಟು ಪ್ರೊಪೆಲ್ಲರ್. ಪ್ರೊಪೆಲ್ಲರ್ ವಿಮಾನಗಳಲ್ಲಿ ಇಷ್ಟು ವೇಗವಾಗಿ, ಇಷ್ಟು ದೂರ ಹಾರುವವು ಜಗತ್ತಿನಲ್ಲಿ ವಿರಳ.

1988ರಲ್ಲಿ ಸೋವಿಯತ್ ಒಕ್ಕೂಟದಿಂದ ಇಂಥ 8 ವಿಮಾನಗಳು ನೌಕಾಪಡೆಗೆ ಸೇರಿದವು. ಒಂದು ಕಾಲಕ್ಕೆ ಸೂಪರ್ ಕಾನ್‌ಸ್ಟಲೇಶನ್ ಹಾರಿಸಿದ್ದ 312ನೇ ಸ್ಕ್ವಾಡ್ರನ್ನೇ ಇವನ್ನೂ ಹಾರಿಸಿತು. ಮೂರೇ ವರ್ಷಕ್ಕೆ ಆ ಒಕ್ಕೂಟವೇ ಒಡೆದುಹೋಯಿತು. ಬಿಡಿಭಾಗಕ್ಕೆ ಪರದಾಟ ಶುರುವಾಯಿತು. ಅಷ್ಟಾಗಿಯೂ ನಮ್ಮ ನೌಕಾಪಡೆಯ ತಂತ್ರಜ್ಞರು 29 ವರ್ಷ ಒಂದೂ ಅಪಘಾತವಿಲ್ಲದೆ ಅವುಗಳನ್ನು ದುಡಿಸಿದರು. 2017ರ ಮಾರ್ಚ್ 29ರಂದು ಅರಕ್ಕೋಣಂನಲ್ಲಿ ಬೀಳ್ಕೊಡುಗೆ ನಡೆಯಿತು.

ಆ ಬೀಳ್ಕೊಡುಗೆಯಲ್ಲಿ ನನಗೆ ಮುಖ್ಯವಾಗಿ ಕಾಣುವುದು ಬೇರೆಯೇ ಒಂದು ದಿನಾಂಕ. ಟುಪೊಲೆವ್ ಜಾಗಕ್ಕೆ ಬಂದ ಬೋಯಿಂಗ್ ಪಿ–8ಐ ವಿಮಾನಗಳ ಕರಾರಿಗೆ ಸಹಿ ಬಿದ್ದದ್ದು 2009ರ ಜನವರಿಯಲ್ಲಿ. ಮೊದಲನೆಯದು ಅರಕ್ಕೋಣಂಗೆ ಬಂದಿಳಿದದ್ದು 2013ರ ಮೇ ತಿಂಗಳಲ್ಲಿ. ಅಂದರೆ ಸುಮಾರು ನಾಲ್ಕು ವರ್ಷ ಹಳತು ಹೊಸತು ಎರಡೂ ಒಂದೇ ನೆಲೆಯಲ್ಲಿದ್ದವು. ಹಳಬರು ಹೊಸ ವಿಮಾನ ಕಲಿತರು, ಹೊಸಬರು ಹಳಬರಿಂದ ಕಡಲು ಕಲಿತರು. ಗೋವಾದಲ್ಲೂ ಹಾಗೆಯೇ ಆಯಿತು. 1977ರಿಂದ ಗಸ್ತು ತಿರುಗುತ್ತಿದ್ದ ಇಲ್ಯೂಷಿನ್–38 ವಿಮಾನಗಳು ಸೇವೆಯಿಂದ ನಿವೃತ್ತಿಯಾದದ್ದು 2023ರ ಅಕ್ಟೋಬರ್ 31ರಂದು. ಅದಕ್ಕೆ ಮೊದಲೇ, 2022ರಲ್ಲಿ, ಅಲ್ಲಿ ಪಿ–8ಐಗಳ ಎರಡನೇ ಸ್ಕ್ವಾಡ್ರನ್ ನಿಂತಿತ್ತು. ಇಲ್ಯೂಷಿನ್‌ಗಳ 46 ವರ್ಷದ ಬದುಕು ನೋವಿಲ್ಲದ್ದಲ್ಲ. 2002ರ ಅಕ್ಟೋಬರ್ 1ರಂದು, ಸ್ಕ್ವಾಡ್ರನ್ನಿನ ಬೆಳ್ಳಿಹಬ್ಬದ ಹಾರಾಟದಲ್ಲೇ ಎರಡು ವಿಮಾನಗಳು ಗೋವಾದ ಬಾನಿನಲ್ಲಿ ಡಿಕ್ಕಿಯಾಗಿ 12 ಸಿಬ್ಬಂದಿ ತೀರಿಕೊಂಡರು. ನೆಲದ ಮೇಲಿದ್ದವರೂ ಸತ್ತರು. ಇದ್ದ ಐದರಲ್ಲಿ ಎರಡು ಹೋದರೂ ಕಾವಲು ನಿಲ್ಲಿಸದೆ ಮತ್ತೆ ಎರಡು ದಶಕ ತಳ್ಳಿದ ಸ್ಕ್ವಾಡ್ರನ್ ಅದು.

ನಾವು ಸರಿಯಾಗಿ ಮಾಡಿದ ಈ ಕೆಲಸದ ಬೆಲೆ ತಿಳಿಯಬೇಕಾದರೆ ಬ್ರಿಟನ್ ಏನು ಮಾಡಿತು ಎಂಬುದನ್ನು ನೋಡಬೇಕು. ಅವರ ಗಸ್ತು ವಿಮಾನ ನಿಮ್ರಾಡ್. 2006ರ ಸೆಪ್ಟೆಂಬರ್ 2ರಂದು ಕಂದಹಾರ್ ಬಳಿ ಒಂದು ನಿಮ್ರಾಡ್‌ಗೆ ಆಕಾಶದಲ್ಲೇ ಬೆಂಕಿ ತಗುಲಿ 14 ಮಂದಿ ಸತ್ತರು. ಹಳೆ ವಿಮಾನದ ಸುರಕ್ಷತೆಯನ್ನು ಕಾಗದದ ಮೇಲಷ್ಟೇ ಪರಿಶೀಲಿಸಿ ಕೈತೊಳೆದುಕೊಂಡಿದ್ದರೆಂದು ಹ್ಯಾಡನ್–ಕೇವ್ ವರದಿ 2009ರಲ್ಲಿ ಕಟುವಾಗಿ ಹೇಳಿತು. ಇದೇ ನಿಮ್ರಾಡ್‌ಗಳ ಹಳೆ ಒಡಲು ಉಳಿಸಿಕೊಂಡು ಹೊಸ ರೆಕ್ಕೆ, ಹೊಸ ಎಂಜಿನ್ ಜೋಡಿಸುವ ಯೋಜನೆಯೂ ಆಗ ನಡೆದಿತ್ತು. 1960ರ ದಶಕದಲ್ಲಿ ಕೈಯಳತೆಯಲ್ಲಿ ಕಟ್ಟಿದ ಒಡಲುಗಳು ಒಂದರಂತೆ ಒಂದಿರಲಿಲ್ಲ. ಕಂಪ್ಯೂಟರ್ ಅಳತೆಯ ಹೊಸ ರೆಕ್ಕೆಗಳು ಅವಕ್ಕೆ ಸರಿಯಾಗಿ ಕೂರಲಿಲ್ಲ. ವರ್ಷಗಳು ಉರುಳಿದವು, ಖರ್ಚು ಏರಿತು, 2010ರಲ್ಲಿ ಯೋಜನೆಯನ್ನೇ ಕೈಬಿಟ್ಟರು. ಹಳೆಯ ನಿಮ್ರಾಡ್‌ಗಳು ಅದೇ ವರ್ಷದ ಮಾರ್ಚ್‌ನಲ್ಲಿ ಇಳಿದುಹೋಗಿದ್ದವು. ಹೊಸ ಗಸ್ತು ವಿಮಾನ ಪೊಸೈಡನ್ ಬಂದದ್ದು 2020ರಲ್ಲಿ. ಸುತ್ತಲೂ ಕಡಲೇ ಇರುವ ದ್ವೀಪರಾಷ್ಟ್ರ ಹತ್ತು ವರ್ಷ ಸ್ವಂತ ಗಸ್ತು ವಿಮಾನವಿಲ್ಲದೆ, ತನ್ನ ತೀರದಲ್ಲಿ ಅಪರಿಚಿತ ಜಲಾಂತರ್ಗಾಮಿಯ ಸುಳಿವು ಸಿಕ್ಕಾಗ ಮಿತ್ರ ದೇಶಗಳ ವಿಮಾನ ಕರೆಸಿಕೊಳ್ಳಬೇಕಾಯಿತು.

ಅಮೆರಿಕಕ್ಕೂ ಇದೇ ತಲೆನೋವು. ಬೆನ್ನ ಮೇಲೆ ತಟ್ಟೆ ಹೊತ್ತ ಇ–3 ಸೆಂಟ್ರಿ ವಿಮಾನಗಳು 1977ರಿಂದ ಸೇವೆಯಲ್ಲಿವೆ. ಅವುಗಳ ಮೂಲ ಮಾದರಿ ಬೋಯಿಂಗ್ 707ರ ತಯಾರಿ ನಿಂತು ದಶಕಗಳೇ ಆಗಿವೆ. 2022ರಲ್ಲಿ ಇ–7 ವೆಜ್‌ಟೇಲ್ ಅನ್ನು ಉತ್ತರಾಧಿಕಾರಿ ಎಂದು ಆರಿಸಿದರು, 2023ರಿಂದ ಹಳೆಯವನ್ನು ಇಳಿಸತೊಡಗಿದರು, 2025ರಲ್ಲಿ ರಕ್ಷಣಾ ಇಲಾಖೆಯೇ ಇ–7 ಬೇಡ, ಉಪಗ್ರಹ ಸಾಕು ಎನ್ನತೊಡಗಿತು. ಹಳೆಯದನ್ನು ಇಳಿಸಲು ಶುರುಮಾಡಿದ ಮೇಲೆ ಹೊಸದರ ಬಗ್ಗೆ ಮನಸ್ಸು ಬದಲಿಸುವುದು ಅಪಾಯದ ಆಟ ಎಂದೇ ನಾನು ಭಾವಿಸುತ್ತೇನೆ.

ಎಂಟು ಜೀವಗಳ ನಂತರ

ಬೆಂಗಳೂರಿನ ಕಥೆಗೆ ಮರಳೋಣ. 1980ರ ದಶಕದ ನಡುವಿನಲ್ಲಿ ಡಿಆರ್‌ಡಿಒ ನಮ್ಮದೇ ಕಣ್ಗಾವಲು ವಿಮಾನ ಕಟ್ಟಲು ಹೊರಟಿತು. ಇದಕ್ಕಾಗಿಯೇ 1991ರಲ್ಲಿ ಬೆಂಗಳೂರಿನಲ್ಲಿ ‘ಕ್ಯಾಬ್ಸ್’ ಎಂಬ ಪ್ರಯೋಗಾಲಯ ರೂಪುಗೊಂಡಿತು. ಕೈಗೆ ಸಿಕ್ಕ ವಿಮಾನ ಆವ್ರೋ. ಕಾನ್ಪುರದಲ್ಲಿ ಜೋಡಣೆಯಾಗುತ್ತಿದ್ದ, ವಿನ್ಯಾಸದಲ್ಲಿ ಆಗಲೇ ಹಳೆಯದಾಗಿದ್ದ ಎರಡು ಎಂಜಿನ್ನಿನ ಸಾಗಣೆ ವಿಮಾನ. ಅದರ ಬೆನ್ನಿಗೆ ಕಂಬ ನಿಲ್ಲಿಸಿ, 24 ಅಡಿ ಅಗಲದ ತಿರುಗುವ ತಟ್ಟೆ ಕೂರಿಸಿ, 1990ರ ನವೆಂಬರ್‌ನಲ್ಲಿ ಮೊದಲ ಸಲ ಹಾರಿಸಿದರು. ಆ ತಟ್ಟೆಯೊಳಗೆ ರೇಡಾರಿನ ಆಂಟೆನಾ. ಹೊರಗೆ ಗಾಳಿ ಬಡಿಯುತ್ತಿರುವಾಗಲೇ ಅದು ಸುತ್ತುತ್ತಿರಬೇಕು, ಕಂಪನ ಒಡಲಿಗೆ ದಾಟಬಾರದು, ಬಾಲಕ್ಕೆ ಹೋಗುವ ಗಾಳಿಯ ಹರಿವು ಕೆಡಬಾರದು. ಬಹಳ ಕಡಿಮೆ ದೇಶಗಳಿಗೆ ಆಗ ಸಾಧ್ಯವಾಗಿದ್ದ ಕೆಲಸ. ಆ ವಿಮಾನ ವರ್ಷಗಳ ಕಾಲ ಹಾರಿ ಪಾಠ ಕಲಿಸಿತು.

1999ರ ಜನವರಿ 11ರಂದು ಅರಕ್ಕೋಣಂ ಬಳಿ ಅದು ನೆಲಕ್ಕೆ ಬಿತ್ತು. ಬೆನ್ನ ಮೇಲಿನ ತಟ್ಟೆ ಕಳಚಿಕೊಂಡು ಬಾಲಕ್ಕೆ ಬಡಿದಿತ್ತು. ಒಳಗಿದ್ದ 8 ಮಂದಿಯೂ ತೀರಿಕೊಂಡರು. ನಾಲ್ವರು ವಿಜ್ಞಾನಿಗಳು, ನಾಲ್ವರು ವಾಯುಪಡೆಯವರು. ಯೋಜನೆ ಅಲ್ಲಿಗೆ ನಿಂತಿತು. ಅದೇ ವರ್ಷ ಮೇ ತಿಂಗಳಲ್ಲಿ ಕಾರ್ಗಿಲ್ ಯುದ್ಧ ಶುರುವಾದಾಗ ಶಿಖರಗಳ ಚಿತ್ರ ತೆಗೆಯಲು ಹೋದದ್ದು 1957ರಿಂದ ಸೇವೆಯಲ್ಲಿದ್ದ ಕ್ಯಾನ್‌ಬೆರಾ. ಮೇ 21ರಂದು ಒಂದು ಕ್ಯಾನ್‌ಬೆರಾದ ಎಂಜಿನ್‌ಗೆ ಕ್ಷಿಪಣಿ ಬಡಿಯಿತು. ಪೈಲಟ್ ಉಳಿದ ಒಂದೇ ಎಂಜಿನ್‌ನಲ್ಲಿ ಅದನ್ನು ಮರಳಿ ತಂದು ಇಳಿಸಿದರು. ಆ ಸಾಹಸಕ್ಕೆ ಕೈಮುಗಿಯೋಣ. ಆದರೆ ಆ ದಿನ ಅಲ್ಲಿ ಹಾರಬೇಕಾದದ್ದು 40 ದಾಟಿದ ವಿಮಾನವಾಗಿರಬಾರದಿತ್ತು. ಕ್ಯಾನ್‌ಬೆರಾ ಕೊನೆಗೂ 2007ರ ಮೇ ತಿಂಗಳಲ್ಲಿ, 50 ವರ್ಷ ತುಂಬಿಸಿ ನಿವೃತ್ತಿಯಾಯಿತು. ಅದಕ್ಕೂ ವರ್ಷ ಮೊದಲು, ಬರೇಲಿಯಲ್ಲಿ 25 ವರ್ಷ ದುಡಿದ ಮಿಗ್–25 ಬೇಹುಗಾರಿಕೆ ವಿಮಾನಗಳು ಹೋಗಿದ್ದವು. ಈ ಎರಡರ ಕೆಲಸದ ದೊಡ್ಡ ಪಾಲು ಇಸ್ರೊದ ಉಪಗ್ರಹಗಳಿಗೆ ದಾಟಿತು.

ಆವ್ರೋ ಬಿದ್ದ ಮೇಲೆ ಐದು ವರ್ಷ ಬೇಕಾಯಿತು ಮತ್ತೆ ಧೈರ್ಯ ಕೂಡಿಸಿಕೊಳ್ಳಲು. 2004ರಲ್ಲಿ ಹೊಸ ಯೋಜನೆಗೆ ಮಂಜೂರಾತಿ ಸಿಕ್ಕಿತು. ಈ ಸಲ ಎಸ್. ಕ್ರಿಸ್ಟೋಫರ್ ಮುಂದಾಳ್ತನದ ಕ್ಯಾಬ್ಸ್ ತಂಡ ತಿರುಗುವ ತಟ್ಟೆಯನ್ನೇ ಬಿಟ್ಟಿತು. ವಿಮಾನದ ಬೆನ್ನುದ್ದಕ್ಕೂ ಅಲುಗದ ಒಂದು ಉದ್ದನೆಯ ಆಂಟೆನಾ. ಅದರ ಕಿರಣವನ್ನು ಯಂತ್ರದಿಂದಲ್ಲ, ಎಲೆಕ್ಟ್ರಾನಿಕ್ ವಿಧಾನದಿಂದಲೇ ಬೇಕಾದತ್ತ ಹೊರಳಿಸಬಹುದು. ಎರಡೂ ಪಕ್ಕ ಸೇರಿ 240 ಡಿಗ್ರಿ ನೋಟ. ಮೂತಿ ಮತ್ತು ಬಾಲದ ಕಡೆ ಕಾಣದ ಒಂದಿಷ್ಟು ಜಾಗ ಉಳಿಯುತ್ತದೆ ಎಂಬುದನ್ನು ಒಪ್ಪಿಕೊಂಡೇ ಆರಿಸಿದ ವಿನ್ಯಾಸ. ಹಳೆ ವಿಮಾನದ ಬದಲು ಬ್ರೆಜಿಲ್‌ನ ಎಂಬ್ರೇರ್ ಕಂಪನಿಗೆ 2008ರಲ್ಲಿ ಹೊಸದನ್ನೇ ಹೇಳಿ, ಆಂಟೆನಾದ ಭಾರಕ್ಕೆ ತಕ್ಕಂತೆ ಒಡಲನ್ನು ಅಲ್ಲೇ ಬಲಪಡಿಸಿದರು. 2011ರ ಡಿಸೆಂಬರ್‌ನಲ್ಲಿ ಅದು ಬ್ರೆಜಿಲ್‌ನಲ್ಲಿ ಹಾರಿತು, 2012ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಬಂತು. 2017ರ ಫೆಬ್ರುವರಿ 14ರಂದು, ಯಲಹಂಕದ ಏರೋ ಇಂಡಿಯಾದಲ್ಲಿ, ‘ನೇತ್ರ’ ಎಂಬ ಹೆಸರಿನಲ್ಲಿ ವಾಯುಪಡೆಗೆ ಸೇರಿತು. ಎರಡು ವರ್ಷದ ನಂತರ ಬಾಲಾಕೋಟ್ ದಾಳಿಯ ರಾತ್ರಿ ಅದು ಬಾನಿನಲ್ಲಿತ್ತು.

ಮಂಜೂರಾತಿಯಿಂದ ಸೇರ್ಪಡೆಗೆ 13 ವರ್ಷ. ತಡವಾಯಿತೆಂದು ದೂರಿದವರಿದ್ದಾರೆ. ನನಗಂತೂ ಆ ತಂಡದ ಮೇಲೆ ಗೌರವ ಹೆಚ್ಚು. 8 ಮಂದಿಯನ್ನು ಕಳೆದುಕೊಂಡ ಪ್ರಯೋಗಾಲಯ ಪ್ರತಿ ಬೋಲ್ಟನ್ನೂ ಎರಡೆರಡು ಸಲ ನೋಡಿದ್ದರೆ ಅದು ತಪ್ಪಲ್ಲ.

ಇಂಥ ಕೆಲಸದ ಜ್ಞಾನ ನಕ್ಷೆಗಳಲ್ಲಿ ಮಾತ್ರ ಇರುವುದಿಲ್ಲ. ತಗಡು ಬಡಿಯುವವರ, ವೈರಿಂಗ್ ಕಟ್ಟುವವರ, ಬಿರುಕು ಹುಡುಕುವವರ ಕೈಯಲ್ಲಿರುತ್ತದೆ. ಕೆ.ವಿ. ಶಂಕರೇಗೌಡರು 1962ರಲ್ಲಿ ಮಂಡ್ಯದಲ್ಲಿ ಪಿಇಎಸ್ ಎಂಜಿನಿಯರಿಂಗ್ ಕಾಲೇಜು ಕಟ್ಟಿದ ಮೇಲೆ ಕಬ್ಬು ಭತ್ತದ ಮನೆಗಳ ಮಕ್ಕಳಿಗೂ ಈ ಕೆಲಸದ ಬಾಗಿಲು ತೆರೆಯಿತು. ಕೆಲಸ ಒಂದು ದಶಕ ನಿಂತರೆ ಕೈಗಳು ನಿವೃತ್ತಿಯಾಗುತ್ತವೆ, ಕಲಿಸುವವರು ಇರುವುದಿಲ್ಲ. ಲಿಬರೇಟರ್ ಎಬ್ಬಿಸಿದ ಊರು ಸ್ವಂತ ಕಣ್ಗಾವಲು ವಿಮಾನಕ್ಕೆ 2017ರವರೆಗೆ ಕಾಯಬೇಕಾಗಿ ಬಂದುದರಲ್ಲಿ ಕೆಲಸ ನಡುನಡುವೆ ನಿಂತ ವರ್ಷಗಳ ಪಾಲೂ ಇದೆ.

ಪೈಲಟ್ ಇಲ್ಲದ ಕಾವಲು

ವಿಮಾನವೇ ಏಕೆ ಬೇಕು, ಡ್ರೋನ್ ಸಾಲದೇ ಎಂಬ ಪ್ರಶ್ನೆ ಸಹಜ. ನೌಕಾಪಡೆ 2020ರಿಂದ ಎರಡು ಅಮೆರಿಕನ್ ಡ್ರೋನ್‌ಗಳನ್ನು ಬಾಡಿಗೆಗೆ ಪಡೆದು ಅರಕ್ಕೋಣಂನಿಂದ ಹಾರಿಸಿತು. 2024ರ ಅಕ್ಟೋಬರ್‌ನಲ್ಲಿ 31 ಡ್ರೋನ್‌ಗಳ ಕರಾರಿಗೆ ಸಹಿ ಬಿತ್ತು. ನಮ್ಮದೇ ತಪಸ್ ಡ್ರೋನ್ ಚಳ್ಳಕೆರೆಯ ಪರೀಕ್ಷಾ ಕೇಂದ್ರದಿಂದ ಹಾರುತ್ತಿದ್ದಾಗ 2023ರ ಆಗಸ್ಟ್‌ನಲ್ಲಿ ಹಿರಿಯೂರು ತಾಲ್ಲೂಕಿನ ವದ್ದಿಕೆರೆಯ ಹೊಲಕ್ಕೆ ಬಿದ್ದದ್ದನ್ನು ಓದುಗರು ಮರೆತಿರಲಾರರು. ಡ್ರೋನ್ ಗಂಟೆಗಟ್ಟಲೆ ಒಂದೇ ಕಡೆ ನೋಡುತ್ತಾ ನಿಲ್ಲಬಲ್ಲದು. ಉಪಗ್ರಹ ಗಡಿಯಾಚೆಗೂ ನೋಡಬಲ್ಲದು, ಆದರೆ ತನ್ನ ಕಕ್ಷೆಯ ವೇಳೆಗೆ ಮಾತ್ರ. ಹತ್ತಾರು ವಿಮಾನಗಳು ಒಟ್ಟಿಗೆ ಬಾನಿಗೇರಿದಾಗ ಯಾವುದು ನಮ್ಮದು, ಯಾವುದು ಅವರದು, ಯಾರು ಯಾರ ಮೇಲೆ ಹೋಗಬೇಕು ಎಂದು ಕ್ಷಣಕ್ಷಣಕ್ಕೆ ನಿರ್ದೇಶಿಸಲು ದೊಡ್ಡ ರೇಡಾರ್, ಅದರ ಮುಂದೆ ಕೂತ ಅನುಭವಿ ಅಧಿಕಾರಿಗಳು ಇನ್ನೂ ಬೇಕು.

ಹಾಗಾಗಿಯೇ ನೇತ್ರದ ಮುಂದಿನ ಪೀಳಿಗೆಗೆ ಸಿದ್ಧತೆ ನಡೆದಿದೆ. ಏರ್ ಇಂಡಿಯಾದಲ್ಲಿ ದುಡಿದ 6 ಏರ್‌ಬಸ್ ಎ321 ವಿಮಾನಗಳ ಮೇಲೆ ದೊಡ್ಡ ರೇಡಾರ್ ಕೂರಿಸುವ ಯೋಜನೆಯದು. ಸೂಪರ್ ಕಾನ್‌ಸ್ಟಲೇಶನ್ ಕಾಲದ ದಾರಿಯನ್ನೇ ನಾವು ಮತ್ತೆ ಹಿಡಿದಿದ್ದೇವೆ. ಎ321 ಒಳ್ಳೆಯ ವಿಮಾನ, ಒಳಗೆ ಜಾಗ ಬೇಕಾದಷ್ಟಿದೆ, ಬಿಡಿಭಾಗ ಜಗತ್ತಿನ ಎಲ್ಲ ಕಡೆ ಸಿಗುತ್ತದೆ. ನನ್ನ ಆತಂಕ ಬೇರೆ. ಪ್ರಯಾಣಿಕ ವಿಮಾನ ದಿನಕ್ಕೆ ಹಲವು ಸಲ ಏರಿಳಿಯುತ್ತದೆ, ಕಣ್ಗಾವಲು ವಿಮಾನ ಒಂದೇ ಸಲ ಏರಿ ಬಹಳ ಹೊತ್ತು ಬಾನಿನಲ್ಲೇ ಇರುತ್ತದೆ. ಈ 6 ಒಡಲುಗಳು ಏರಿಳಿತದ ದಣಿವನ್ನು ಮೊದಲೇ ಉಂಡು ಬಂದಿವೆ. ಬೆನ್ನಿಗೆ ರಂಧ್ರ ಕೊರೆದು ಹೊಸ ಭಾರ ಹೊರಿಸುವ ಮೊದಲು ಪ್ರತಿಯೊಂದು ವಿಮಾನದ ಅಂಥ ಸುತ್ತುಗಳೆಷ್ಟು, ಎಲ್ಲೆಲ್ಲಿ ರಿಪೇರಿಯಾಗಿದೆ, ಯಾವ ವರ್ಷದವರೆಗೆ ನಂಬಬಹುದು ಎಂಬುದು ಬರಹದಲ್ಲಿ ಖಚಿತವಾಗಿರಬೇಕು. ನಿಮ್ರಾಡ್ ಎಡವಿದ್ದು ಇಲ್ಲೇ.

ಮೊದಲ ನೇತ್ರದ ಲೆಕ್ಕವನ್ನೂ ಈಗಲೇ ಹಾಕಬೇಕು. ಅದರ ಮೂಲ ಮಾದರಿಯ ಪ್ರಯಾಣಿಕ ವಿಮಾನವನ್ನು ಎಂಬ್ರೇರ್ ಈಗ ತಯಾರಿಸುತ್ತಿಲ್ಲ. 2017ರಲ್ಲಿ ಸೇವೆಗೆ ಬಂದ ವಿಮಾನವನ್ನು 25 ವರ್ಷ ದುಡಿಸಿದರೆ 2042. ನೇತ್ರ ಕಟ್ಟಲು ಹಿಡಿದ 13 ವರ್ಷವನ್ನು ಅದರಿಂದ ಕಳೆದರೆ 2029. ಆ ವರ್ಷದೊಳಗೆ ಅದರ ಉತ್ತರಾಧಿಕಾರಿಯ ಕಡತಕ್ಕೆ ಸಹಿ ಬಿದ್ದಿರಬೇಕು.